ಸಾಲದ ಮನೆಗೆ ದೊಡ್ಡ ಕರೆಂಟ್ ಬಿಲ್ ಬಂದರೆ: ಮೊದಲ ದಿನದಿಂದ ಏನೇನು ಮಾಡಬೇಕು

ಸಾಮಾನ್ಯವಾಗಿ 300 ರೂಪಾಯಿಯ ಆಸುಪಾಸಿನಲ್ಲಿ ಇರುತ್ತಿದ್ದ ನಮ್ಮ ಮನೆಯ ಬಿಲ್ ಒಂದು ತಿಂಗಳು 4,870 ಅಂತ ಬಂತು. ಆಗಲೇ ಮನೆಯಲ್ಲಿ ಮೂರು ಸಾಲ ನಡೆಯುತ್ತಿತ್ತು. ಸಂಘದ ವಾರದ ಕಂತು, ಅಡವಿಟ್ಟ ಬಳೆ, ಭಾವನಿಂದ ತಂದ ಕೈಸಾಲ. ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಸಂಜೆಯೊಳಗೆ ಪರಿಚಯದ ಫೈನಾನ್ಸಿನವನ ಹತ್ತಿರ ನೂರಕ್ಕೆ ಐದರಂತೆ ಐದು ಸಾವಿರ ತಂದು ಕಟ್ಟಿಬಿಟ್ಟೆ. ಮುಂದಿನ ತಿಂಗಳು ಮೀಟರ್ ರೀಡರ್ ಬಂದಾಗ ಗೋಡೆಯ ಮೇಲಿನ ಅಂಕಿ ಹಿಂದಿನ ಬಿಲ್ಲಿನ ಅಂಕಿಗಿಂತ ಕಡಿಮೆ ಇತ್ತು! 14,218 ಎಂದು ಒತ್ತಬೇಕಾದ ಕಡೆ 14,718 ಎಂದು ಒತ್ತಿದ್ದರು. ಒಂದು ಅಂಕಿ, ಐನೂರು ಯೂನಿಟ್. ಅರ್ಜಿ ಕೊಟ್ಟ ಮೇಲೆ ಆ ಹಣ ಮುಂದಿನ ಬಿಲ್ಲುಗಳಲ್ಲಿ ಹೊಂದಾಣಿಕೆಯಾಯಿತು. ಫೈನಾನ್ಸಿನವನು ಮಾತ್ರ ಬಡ್ಡಿಯನ್ನು ಯಾವುದಕ್ಕೂ ಹೊಂದಿಸಿಕೊಳ್ಳಲಿಲ್ಲ.

ಆಮೇಲೆ ನೆರೆಹೊರೆಯವರ ಬಿಲ್ಲುಗಳನ್ನೂ ನೋಡಿಕೊಡುತ್ತಾ, ಅರ್ಜಿ ಬರೆದುಕೊಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕವೆಲ್ಲ ಕರ್ನಾಟಕದ್ದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್, ಯಾವುದೇ ಇರಲಿ, ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಹಾಗಾಗಿ ದಾರಿ ಹೆಚ್ಚುಕಡಿಮೆ ಒಂದೇ.

ಮೊದಲ ದಿನ: ಸಾಲ ಮಾಡಿ ಕಟ್ಟಲು ಓಡಬೇಡಿ

ತಡವಾದ ಬಿಲ್ಲಿಗೆ ನಿಗಮ ಹಾಕುವ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು, ಅಂದರೆ ವರ್ಷಕ್ಕೆ ಹನ್ನೆರಡು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೇ ಮೂರು, ಮೂರೂವರೆ ಬೀಳುತ್ತದೆ. ನೂರಕ್ಕೆ ಐದು ಅಂದರೆ ವರ್ಷಕ್ಕೆ ಅರವತ್ತು. ದಿನಕ್ಕೂ ವಾರಕ್ಕೂ ಏರುವ ಬಡ್ಡಿಗೆ ನಮ್ಮಲ್ಲಿ ಮೀಟರ್ ಬಡ್ಡಿ ಅನ್ನುತ್ತಾರಲ್ಲ, ಗೋಡೆಯ ಮೀಟರಿನ ಬಾಕಿ ತೀರಿಸಲು ಆ ಮೀಟರನ್ನು ಮನೆಗೆ ತರಬೇಡಿ. ನಿಮ್ಮ ಸಾಲಗಳಲ್ಲೆಲ್ಲ ಅತಿ ಅಗ್ಗದ್ದು ಬಹುಶಃ ಕರೆಂಟ್ ಬಿಲ್ಲೇ.

ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಬಡ್ಡಿ ಕಡಿಮೆಯಾದರೂ ಶಿಕ್ಷೆ ಬೇಗ ಬರುತ್ತದೆ. 2024ರ ಸೆಪ್ಟೆಂಬರಿನಿಂದ ಬೆಸ್ಕಾಂ ಪಾಲಿಸುತ್ತಿರುವ ಕ್ರಮದಲ್ಲಿ ಬಡ್ಡಿಯಿಲ್ಲದೆ ಕಟ್ಟಲು 15 ದಿನ, ಬಡ್ಡಿ ಸಮೇತ ಇನ್ನೂ 15 ದಿನ. ಆಗಲೂ ಕಟ್ಟದಿದ್ದರೆ ಮುಂದಿನ ರೀಡಿಂಗ್‌ಗೆ ಬರುವಾಗಲೇ ಸಂಪರ್ಕ ಕಡಿತ. ಅಂದರೆ ನಿಮ್ಮ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ತಿಂಗಳು. ಈ ಒಂದು ತಿಂಗಳನ್ನು ಹಣ ಹುಡುಕಲು ಅಲ್ಲ, ಮೊದಲು ಬಿಲ್ ಸರಿಯೇ ಎಂದು ನೋಡಲು ಬಳಸಿ.

ಒಂದು ಎಚ್ಚರಿಕೆ. "ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ" ಎಂದು ಮೊಬೈಲಿಗೆ ಬಂದರೆ ಅದು ವಂಚಕರ ಕೆಲಸ. ರಾತ್ರಿ ಒಂಬತ್ತೂವರೆಗೆ ಏಣಿ ಹಿಡಿದು ಫ್ಯೂಸ್ ಕೀಳಲು ಬರುವ ಲೈನ್‌ಮನ್‌ನನ್ನು ನಾನಂತೂ ಕಂಡಿಲ್ಲ. ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಬಿಲ್ಲನ್ನು ಹೀಗೆ ಓದಿ

ಕೊನೆಯ ಮೊತ್ತವನ್ನು ಬೆರಳಿನಿಂದ ಮುಚ್ಚಿಕೊಂಡು ಮೇಲಿನಿಂದ ಶುರುಮಾಡಿ. ಹಿಂದಿನ ಆರು ತಿಂಗಳ ಬಿಲ್ಲುಗಳು ಪಕ್ಕದಲ್ಲಿರಲಿ. ಕಳೆದುಹೋಗಿದ್ದರೆ ನಿಗಮದ ಆ್ಯಪ್‌ನಲ್ಲಿ ಅಕೌಂಟ್ ಐಡಿ ಹಾಕಿದರೆ ಸಿಗುತ್ತವೆ.

ಹಾಲಿ ರೀಡಿಂಗ್ ಮತ್ತು ಮೀಟರಿನ ಅಂಕಿ ಹೊಂದುತ್ತವೆಯೇ? ಇವತ್ತು ಮೀಟರಿನಲ್ಲಿ ಇರುವ ಅಂಕಿ ಬಿಲ್ಲಿನ ಅಂಕಿಗಿಂತ ಕಡಿಮೆ ಇದ್ದರೆ ಕೇಸು ಅಲ್ಲಿಗೇ ಮುಗಿಯಿತು. ತಾರೀಖು ಕಾಣುವ ಹಾಗೆ ಮೀಟರಿನ ಫೋಟೋ ತೆಗೆಯಿರಿ, ಮೀಟರ್ ಸಂಖ್ಯೆಯೂ ಬರಲಿ. ಮೀಟರ್ ಸಂಖ್ಯೆಯನ್ನೂ ಬಿಲ್ಲಿನದಕ್ಕೆ ತಾಳೆ ನೋಡಿ. ಬಾಡಿಗೆ ವಠಾರಗಳಲ್ಲಿ ಮಹಡಿ ಮನೆಯ ಮೀಟರು ಕೆಳಮನೆಯವರ ಹೆಸರಿನಲ್ಲಿ ವರ್ಷಗಟ್ಟಲೆ ಓಡಿದ್ದು ಉಂಟು.

ನಂತರ ಸ್ಥಿತಿಯ ಕಾಲಂ ನೋಡಿ. ಡೋರ್ ಲಾಕ್ ಎಂದೋ ಮೀಟರ್ ದಾಖಲಿಸುತ್ತಿಲ್ಲ ಎಂದೋ ಇದ್ದರೆ ಅದು ಸರಾಸರಿ ಬಿಲ್, ನಿಮ್ಮ ನಿಜವಾದ ಬಳಕೆಯದ್ದಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಇಂಥ ತಾತ್ಕಾಲಿಕ ಬಿಲ್ ಎರಡಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಾಗೇ ಮುಂದುವರಿದರೆ ನಿಜವಾದ ರೀಡಿಂಗ್‌ನ ಬಿಲ್ ಬರುವ ತನಕ ಕಟ್ಟಲು ನಿರಾಕರಿಸುವ ಹಕ್ಕು ಗ್ರಾಹಕರಿಗೆ ಇದೆ. ತದ್ವಿರುದ್ಧದ ಪ್ರಸಂಗವೂ ಇದೆ: ಮೂರು ತಿಂಗಳು ಕಡಿಮೆ ಸರಾಸರಿ ಹಾಕಿ ನಾಲ್ಕನೇ ತಿಂಗಳು ಎಲ್ಲವನ್ನೂ ಒಟ್ಟಿಗೆ ಇಳಿಸುತ್ತಾರೆ. ಆಗ ಯೂನಿಟ್‌ಗಳನ್ನು ಆಯಾ ತಿಂಗಳುಗಳಿಗೆ ಹಂಚಿ ಲೆಕ್ಕ ಹಾಕಿ ಎಂದು ಕೇಳಿ. ಗೃಹಜ್ಯೋತಿ ಮನೆಗಳಿಗೆ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ.

ಏಕೆಂದರೆ ಗೃಹಜ್ಯೋತಿಯ 200ರ ಗೆರೆ ಬಹಳ ಕಟುವಾದದ್ದು. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ ನಿಮ್ಮ 2022-23ರ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅರ್ಹತಾ ಯೂನಿಟ್ ಗೊತ್ತು ಮಾಡಿರುತ್ತಾರೆ. ಅದರೊಳಗಿದ್ದರೆ ಶೂನ್ಯ ಬಿಲ್. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್. 2025-26ರ ದರದಲ್ಲಿ ಲೆಕ್ಕ ಹಾಕಿ ನೋಡೋಣ: ಯೂನಿಟ್‌ಗೆ 5.80, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ, ಕಿಲೋವ್ಯಾಟಿಗೆ 145 ನಿಗದಿತ ಶುಲ್ಕ, ವಿದ್ಯುತ್ ಶುಲ್ಕದ ಮೇಲೆ 9% ತೆರಿಗೆ. ಅರ್ಹತೆ 150, ಮಂಜೂರಾದ ಲೋಡ್ (ನಿಗಮ ನಿಮ್ಮ ಸಂಪರ್ಕಕ್ಕೆ ಒಪ್ಪಿರುವ ಸಾಮರ್ಥ್ಯ) 3 ಕಿಲೋವ್ಯಾಟ್ ಇರುವ ಮನೆ 195 ಯೂನಿಟ್ ಸುಟ್ಟರೆ ಕಟ್ಟಬೇಕಾದದ್ದು ಮುನ್ನೂರರ ಆಸುಪಾಸು. ಅದೇ ಮನೆ 201 ಸುಟ್ಟರೆ ಸುಮಾರು 1,780. ಇಂಧನ ವೆಚ್ಚ ಹೊಂದಾಣಿಕೆ ಇದ್ದರೆ ಅದು ಬೇರೆ. ಆರು ಯೂನಿಟ್‌ಗೆ ಒಂದೂವರೆ ಸಾವಿರ!

ಹಾಗಾಗಿ ರೀಡಿಂಗ್ ತಾರೀಖುಗಳನ್ನು ಎಣಿಸಿ. ಹಿಂದಿನ ರೀಡಿಂಗ್ 1ನೇ ತಾರೀಖು, ಈ ಸಲದ್ದು ಮುಂದಿನ ತಿಂಗಳು 4ಕ್ಕೆ ಎಂದಾದರೆ ಮೂರ್ನಾಲ್ಕು ದಿನದ ಬಳಕೆ ಹೆಚ್ಚಿಗೆ ಸೇರಿರುತ್ತದೆ. 212 ಯೂನಿಟ್ ಬಂದದ್ದು 34 ದಿನಕ್ಕೆ ಆಗಿದ್ದರೆ 30 ದಿನಕ್ಕೆ ಇಳಿಸಿದಾಗ ಅದು 187. ಈ ಒಂದು ಸಾಲಿನ ಗಣಿತವನ್ನು ಅರ್ಜಿಯಲ್ಲಿ ಬರೆದುಕೊಡಿ.

ಇನ್ನು ಬಾಕಿ ಮತ್ತು ಹೆಚ್ಚುವರಿ ಭದ್ರತಾ ಠೇವಣಿ. ಅನೇಕರು ಈ ಠೇವಣಿಯನ್ನೇ ಬಿಲ್ ಅಂದುಕೊಂಡು ಬೆಚ್ಚಿಬೀಳುತ್ತಾರೆ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣ ನಿಗಮದಲ್ಲಿ ಠೇವಣಿ ಇರಬೇಕೆಂಬುದು ನಿಯಮ. ವರ್ಷಕ್ಕೊಮ್ಮೆ ಬಳಕೆ ನೋಡಿ ಕೊರತೆ ಕೇಳುತ್ತಾರೆ. ಅದು ನಿಮ್ಮದೇ ಹಣ, ಬಡ್ಡಿಯೂ ಬರುತ್ತದೆ. ಕಟ್ಟಲು 30 ದಿನ ಇರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ: ತಪ್ಪು ರೀಡಿಂಗ್‌ನ ಬಿಲ್ಲನ್ನು ಸುಮ್ಮನೆ ಕಟ್ಟಿಬಿಟ್ಟರೆ ಆ ಉಬ್ಬಿದ ಯೂನಿಟ್ ನಿಮ್ಮ ಸರಾಸರಿಗೂ ಸೇರಿಕೊಂಡು ಮುಂದಿನ ವರ್ಷ ಠೇವಣಿಯ ರೂಪದಲ್ಲಿ ಮತ್ತೆ ಕಾಡುತ್ತದೆ. ಹಣ ಹೊಂದಾಣಿಕೆಯಾದರೂ ದಾಖಲೆ ತಿದ್ದಿದ್ದಾರೆಯೇ ನೋಡಿಕೊಳ್ಳಿ.

ಮೀಟರನ್ನು ನೀವೇ ಪರೀಕ್ಷಿಸುವುದು

ಬಿಲ್ಲಿನ ಅಂಕಿ ಮೀಟರಿನ ಅಂಕಿಗೆ ಸರಿಯಾಗಿ ಹೊಂದುತ್ತದೆ, ಆದರೂ ಇಷ್ಟು ಯೂನಿಟ್ ಹೇಗೆ ಎಂದು ಗೊತ್ತಾಗುತ್ತಿಲ್ಲ ಅಂತಾದರೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೀಟರ್ ಪೆಟ್ಟಿಗೆಯ ಸೀಲನ್ನು ಮಾತ್ರ ಮುಟ್ಟಬೇಡಿ. ಅದು ಕಿತ್ತಿದ್ದರೆ ವಿಷಯವೇ ಬೇರೆ ಕಡೆ ತಿರುಗುತ್ತದೆ.

ಡಿಜಿಟಲ್ ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಮುದ್ರಿಸಿರುತ್ತಾರೆ; 3200 ಎಂದಿರುವುದು ಸಾಮಾನ್ಯ, 1600 ಕೂಡ ಇರಬಹುದು.

ಮೊದಲು ಮೀಟರಿನ ನಂತರ ಇರುವ ಮೇನ್ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ನೋಡಿ. ಆಗಲೂ ಮಿಣುಕುತ್ತಲೇ ಇದ್ದರೆ ದೋಷ ಮೀಟರಿನಲ್ಲಿದೆ, ಇಲ್ಲವೇ ಮೇನ್ ಸ್ವಿಚ್‌ಗಿಂತ ಮುಂಚೆಯೇ ಯಾರೋ ವೈರ್ ಎಳೆದುಕೊಂಡಿದ್ದಾರೆ. ವೀಡಿಯೋ ಮಾಡಿಕೊಳ್ಳಿ.

ಆಮೇಲೆ ಮೇನ್ ಆನ್ ಮಾಡಿ, ಮನೆಯೊಳಗಿನ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್, ಟೀವಿ ಡಬ್ಬ, ಚಾರ್ಜರುಗಳ ಪ್ಲಗ್ ಕಿತ್ತುಬಿಡಿ. ಆಗ ಮಿಣುಕಿದರೆ ವೈರಿಂಗ್‌ನಲ್ಲಿ ಸೋರಿಕೆ ಇದೆ, ಅಥವಾ ಮೆಟ್ಟಿಲ ದೀಪವೋ ಪಕ್ಕದ ಮನೆಯ ಮೋಟಾರೋ ನಿಮ್ಮ ಮೀಟರಿಗೆ ತಗಲಿಕೊಂಡಿದೆ. ಮೀಟರಿನಲ್ಲಿ ಅರ್ತ್ ಅಥವಾ ಇಎಲ್ ಎಂದು ಬರೆದ ದೀಪ ಉರಿಯುತ್ತಿದ್ದರೂ ಸೋರಿಕೆಯ ಸೂಚನೆ. ಇಂಥ ಹೊತ್ತಿನಲ್ಲಿ ನಾನು ಮೊದಲು ಅನುಮಾನ ಪಡುವುದು ಹಳೆಯ ಗೀಸರನ್ನು. ಅದರ ಕಾಯಿಲ್ ಒಳಗೊಳಗೇ ಹಾಳಾಗಿ ಕರೆಂಟ್ ನೆಲಕ್ಕೆ ಹರಿಯುತ್ತಿರುತ್ತದೆ. ಇದು ದುಡ್ಡಿನ ಪ್ರಶ್ನೆ ಮಾತ್ರವಲ್ಲ, ನಲ್ಲಿ ಮುಟ್ಟಿದವರ ಜೀವದ ಪ್ರಶ್ನೆ. ಸಾಲ ಎಷ್ಟೇ ಇರಲಿ, ಎಲೆಕ್ಟ್ರಿಷಿಯನ್ನನ್ನು ಕರೆಸುವುದನ್ನು ನಾಳೆಗೆ ಇಡಬೇಡಿ.

ಕೊನೆಗೆ ಮೀಟರ್ ಜೋರಾಗಿ ಓಡುತ್ತಿದೆಯೇ ಎಂದು ನೋಡಲು 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದನ್ನೇ ಹಾಕಿ, ಅದು ಕಾಯುತ್ತಿರುವಾಗ ಒಂದು ನಿಮಿಷ ಎಣಿಸಿ. 3200ರ ಮೀಟರಾದರೆ 53ರ ಆಸುಪಾಸು ಮಿಣುಕಬೇಕು. ವೋಲ್ಟೇಜಿಗೆ ತಕ್ಕಂತೆ ನಾಲ್ಕಾರು ಹೆಚ್ಚುಕಡಿಮೆ ಆಗಬಹುದು. ಎಪ್ಪತ್ತು, ಎಂಬತ್ತು ಬಂದರೆ ಅರ್ಜಿ ಬರೆಯಲು ಕೂರಿ.

ಎಲ್ಲವೂ ಸರಿಯಿದ್ದರೆ ಯೂನಿಟ್ ತಿಂದದ್ದು ನಿಮ್ಮ ಮನೆಯೇ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್. ಬೇಸಿಗೆಯಲ್ಲಿ ಸಂಪಿನ ಫೂಟ್‌ವಾಲ್ವ್ ಸೋರಿ, ಇಪ್ಪತ್ತು ನಿಮಿಷದಲ್ಲಿ ತುಂಬುತ್ತಿದ್ದ ಟ್ಯಾಂಕಿಗೆ ಗಂಟೆಗಟ್ಟಲೆ ಮೋಟಾರ್ ಓಡುವುದು ಯಾರ ಗಮನಕ್ಕೂ ಬರುವುದಿಲ್ಲ. ಗ್ಯಾಸ್ ಉಳಿಸಲು ತಂದ ಇಂಡಕ್ಷನ್ ಒಲೆ, ಬಾಣಂತಿಗೆ ದಿನಕ್ಕೆ ಎರಡು ಸಲ ನೀರು ಕಾಯಿಸಿದ್ದು, ಊರಿಂದ ಬಂದ ನೆಂಟರು, ಎಲ್ಲವನ್ನೂ ನೆನಪಿಸಿಕೊಳ್ಳಿ.

ಅರ್ಜಿ: ಬಾಯಿಮಾತಿಗೆ ಬೆಲೆಯಿಲ್ಲ

1912ಕ್ಕೆ ಕರೆ ಮಾಡಿ ದೂರು ದಾಖಲಿಸಿ ಸಂಖ್ಯೆ ಬರೆದುಕೊಳ್ಳಿ. ಅಷ್ಟಕ್ಕೇ ನಿಲ್ಲಿಸಬೇಡಿ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಎರಡು ಪ್ರತಿ ಅರ್ಜಿ ಒಯ್ಯಿರಿ, ಒಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ನಗುತ್ತಲೇ ಅಲ್ಲೇ ನಿಂತಿರಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್. ಅರ್ಜಿ ಹೀಗಿದ್ದರೆ ಸಾಕು:

"ಆರ್‌ಆರ್ ಸಂಖ್ಯೆ ____, ಅಕೌಂಟ್ ಐಡಿ ____. ____ ತಿಂಗಳ ಬಿಲ್ಲಿನಲ್ಲಿ ____ ಯೂನಿಟ್‌ಗೆ ____ ರೂಪಾಯಿ ಬಂದಿದೆ. ಹಿಂದಿನ ಆರು ತಿಂಗಳ ಸರಾಸರಿ ____ ಯೂನಿಟ್. ಮೀಟರಿನ ಇಂದಿನ ಅಂಕಿ ____, ಫೋಟೋ ಲಗತ್ತಿಸಿದೆ. ಸ್ಥಳ ಪರಿಶೀಲನೆ ಮತ್ತು ಮೀಟರ್ ಪರೀಕ್ಷೆ ನಡೆಸಿ ಬಿಲ್ ಪರಿಷ್ಕರಿಸಬೇಕೆಂದು ಕೋರುತ್ತೇನೆ. ಈ ವಿವಾದ ತೀರುವವರೆಗೆ ವಿದ್ಯುತ್ ಕಾಯ್ದೆ 2003ರ ಕಲಂ 56(1)ರಂತೆ ಹಿಂದಿನ ಆರು ತಿಂಗಳ ಸರಾಸರಿ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ. ಸಂಪರ್ಕ ಕಡಿತ ಮಾಡಬಾರದು."

ಕೊನೆಯ ಎರಡು ವಾಕ್ಯಗಳೇ ಈ ಅರ್ಜಿಯ ಜೀವ. ಕಲಂ 56(1) ಎರಡು ಮಾತು ಹೇಳುತ್ತದೆ. ಒಂದು, 15 ಪೂರ್ಣ ದಿನಗಳ ಲಿಖಿತ ನೋಟಿಸ್ ಇಲ್ಲದೆ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲೇ ನೋಟಿಸ್ ಎಂದು ವಾದಿಸುವವರಿದ್ದಾರೆ, ಆದ್ದರಿಂದ ಬೇರೆ ಕಾಗದ ಬರಲಿ ಎಂದು ಕಾಯುತ್ತಾ ಕೂರಬೇಡಿ. ಎರಡು, ಬಿಲ್ ವಿವಾದದಲ್ಲಿದ್ದಾಗ ಕೇಳಿದ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವಿವಾದ ತೀರುವ ತನಕ ಕರೆಂಟ್ ಕಡಿಯುವಂತಿಲ್ಲ. ನನಗೆ ಅಂದು ಇದು ಗೊತ್ತಿದ್ದಿದ್ದರೆ 4,870ರ ಬದಲು ಮುನ್ನೂರು ಚಿಲ್ಲರೆ ಕಟ್ಟಿ ಮನೆಗೆ ಬರುತ್ತಿದ್ದೆ. ಕೌಂಟರಿನಲ್ಲಿ ಈ ಕಲಂ ಕೇಳಿದವರೇ ಕಡಿಮೆ; ಅದಕ್ಕೇ ಅರ್ಜಿಯಲ್ಲಿ ಸಂಖ್ಯೆ ಸಮೇತ ಬರೆಯಬೇಕು. ಆದರೆ ಬಿಲ್ ಸರಿಯಿದೆ ಎಂದು ಗೊತ್ತಿದ್ದೂ ದಿನ ದೂಡಲು ಇದನ್ನು ಹಿಡಿದರೆ ಬಡ್ಡಿ ಬೆಳೆಯುತ್ತದೆ ಅಷ್ಟೆ.

ಮೀಟರಿನ ಬಗ್ಗೆಯೇ ಜಗಳವಾದರೆ ಮೇಲೆ ಹೇಳಿದ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿ ನೆರವಿಗೆ ಬರುತ್ತದೆ. ಬಳಕೆಗೂ ರೀಡಿಂಗ್‌ಗೂ ತಾಳೆಯಿಲ್ಲ ಎಂದು ದೂರಿದರೆ ಐದು ದಿನದೊಳಗೆ ನಿಗಮವು ಇನ್ನೊಂದು ಮೀಟರ್ ಅಳವಡಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು.

ಇದೆಲ್ಲ ಕಾಗದದ ಮಾತು ಅನ್ನಿಸಬಹುದು. 2023ರ ಜೂನ್‌ನಲ್ಲಿ ಕೊಪ್ಪಳ ಕಡೆಯ ತಗಡಿನ ಶೆಡ್ಡಿನಲ್ಲಿ ಎರಡು ಬಲ್ಬು ಉರಿಸಿಕೊಂಡಿದ್ದ ಅಜ್ಜಿಯೊಬ್ಬರಿಗೆ ಒಂದು ಲಕ್ಷ ಮೀರಿದ ಬಿಲ್ ಬಂದಿತ್ತು. ಸುದ್ದಿಯಾದ ಮೇಲೆ ಅಧಿಕಾರಿಗಳು ಬಂದು ನೋಡಿ ತಾಂತ್ರಿಕ ದೋಷ ಎಂದು ಒಪ್ಪಿದರು, ಕಟ್ಟಬೇಕಿಲ್ಲ ಎಂದರು. ಲಕ್ಷದ ಬಿಲ್ಲಿಗೆ ಟೀವಿಯವರು ಬರುತ್ತಾರೆ. ಐದು ಸಾವಿರದ ಬಿಲ್ಲಿಗೆ ಯಾರೂ ಬರುವುದಿಲ್ಲ, ಅರ್ಜಿಯನ್ನೇ ನಂಬಬೇಕು.

ಉಪವಿಭಾಗದಲ್ಲಿ ಕೆಲಸ ಆಗದಿದ್ದರೆ ಜಿಲ್ಲಾ ಮಟ್ಟದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ವಿದ್ಯುತ್ ಒಂಬುಡ್ಸ್‌ಮನ್. ವಕೀಲರು ಕಡ್ಡಾಯವಲ್ಲ. ಕಳ್ಳತನ ಅಥವಾ ಅನಧಿಕೃತ ಬಳಕೆ ಎಂದು ದಂಡ ಹಾಕಿದ್ದರೆ ಮಾತ್ರ ಈ ದಾರಿ ಅಲ್ಲ. ಅನಧಿಕೃತ ಬಳಕೆಯ ಅಂತಿಮ ಆದೇಶಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು, ಅರ್ಧ ಹಣ ಮೊದಲೇ ಕಟ್ಟಬೇಕು. ಆಗ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅದು ಉಚಿತ.

ಬಿಲ್ ಸರಿಯೇ ಇದೆ, ದುಡ್ಡಿಲ್ಲ

ಕೊನೆಯ ದಿನಕ್ಕೆ ಮುಂಚೆಯೇ ಕಂತು ಕೇಳಿ. ಕಂತು ನಿಮ್ಮ ಹಕ್ಕಲ್ಲ, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಬರಿಗೈಯಲ್ಲಿ ಹೋಗಿ ಕೇಳುವುದಕ್ಕೂ ಮೂರನೇ ಒಂದು ಭಾಗ ಹಿಡಿದು ಹೋಗುವುದಕ್ಕೂ ಬಹಳ ಅಂತರ. "ಇವತ್ತು 1,500, ಮುಂದಿನ ಎರಡು ತಿಂಗಳು ಹಾಲಿ ಬಿಲ್ಲಿನ ಜೊತೆಗೆ 1,500" ಎಂದು ದಿನಾಂಕ ಸಮೇತ ಬರೆದುಕೊಡಿ. ಒಪ್ಪಿಗೆಯನ್ನು ಅರ್ಜಿಯ ಮೇಲೆಯೇ ಬರೆಸಿಕೊಳ್ಳಿ. ಫ್ಯೂಸ್ ಕೀಳಲು ಬರುವ ಲೈನ್‌ಮನ್‌ಗೆ ಒಳಗಿನ ಮಾತುಕತೆ ಗೊತ್ತಿರುವುದಿಲ್ಲ. ಅವನಿಗೆ ತೋರಿಸಲು ಆ ಕಾಗದ ಬೇಕು. ಕಟ್ಟಬಹುದಾದ ಕಂತನ್ನೇ ಹೇಳಿ. ಒಂದು ಸಲ ಮಾತು ತಪ್ಪಿದರೆ ಎರಡನೇ ಸಲ ಆ ಬಾಗಿಲು ತೆರೆಯುವುದಿಲ್ಲ.

ಆ 1,500 ಎಲ್ಲಿಂದ? ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎದುರಿಗೆ ಎರಡು ಅಂಕಣ ಮಾಡಿ: ತಿಂಗಳ ಬಡ್ಡಿ ಎಷ್ಟು, ಈ ತಿಂಗಳು ಕಟ್ಟದಿದ್ದರೆ ಏನಾಗುತ್ತದೆ. ಯಾರು ಜೋರಾಗಿ ಕೂಗುತ್ತಾರೆ ಎಂಬ ಅಂಕಣ ಬೇಡ. ನಾವು ಸಾಮಾನ್ಯವಾಗಿ ಕಟ್ಟುವುದು ಅದೇ ಕ್ರಮದಲ್ಲಿ, ಅಲ್ಲೇ ಎಡವುವುದು. ಆ್ಯಪ್ ಸಾಲದವನು ದಿನಕ್ಕೆ ಇಪ್ಪತ್ತು ಸಲ ಕರೆ ಮಾಡುತ್ತಾನೆ; ಕರೆಂಟಿನವರು ಕರೆ ಮಾಡುವುದಿಲ್ಲ, ಬಂದು ಕಿತ್ತುಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಬಾಡಿಗೆ, ದಿನಸಿ, ಔಷಧಿ, ಕರೆಂಟ್ ಮೊದಲು. ಹರಾಜಿನ ನೋಟಿಸ್ ಬಂದ ಒಡವೆ ಆಮೇಲೆ. ಅಲ್ಲಿ ಬಡ್ಡಿಯನ್ನಷ್ಟೇ ಕಟ್ಟಿ ನವೀಕರಿಸಬಹುದೇ ಎಂದು ಕೇಳಬಹುದು. ಸಂಘದ ಕಂತು ತಪ್ಪಿದರೆ ಪಕ್ಕದ ಮನೆಯವರ ಮೇಲೆ ಬೀಳುತ್ತದೆ, ಅದನ್ನು ಸಭೆಯಲ್ಲಿ ಮುಂಚಿತವಾಗಿಯೇ ಹೇಳಿಬಿಡುವುದು ಒಳ್ಳೆಯದು. ಅಡಮಾನವಿಲ್ಲದ ಕಾರ್ಡು, ಆ್ಯಪ್ ಸಾಲಗಳು ಕೊನೆಗೆ.

ವಸೂಲಿಗೆ ಬರುವವರಿಗೂ ಗೆರೆ ಇದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ 9ರಿಂದ 6. ಬ್ಯಾಂಕ್, ನೋಂದಾಯಿತ ಫೈನಾನ್ಸ್ ಕಂಪನಿಗಳಿಗೆ ಮೊದಲು ಲಿಖಿತ ದೂರು ಕೊಡಿ. ಅವರು ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448. ಮನೆ ಮುಂದೆ ಬಂದು ಕೂರುವುದು, ಬೆದರಿಸುವುದು ನಡೆದರೆ 2025ರಲ್ಲಿ ರಾಜ್ಯ ತಂದ ಕಿರುಸಾಲ ಬಲವಂತ ವಸೂಲಿ ತಡೆ ಕಾನೂನಿದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸ್ ಠಾಣೆಯಲ್ಲಿ ಈ ಕಾನೂನಿನ ಹೆಸರು ಹೇಳಿಯೇ ದೂರು ಬರೆಯಿಸಿ. ರಾತ್ರಿ ನಿದ್ದೆ ಬಾರದೆ ಕೆಟ್ಟ ಯೋಚನೆಗಳು ಸುತ್ತತೊಡಗಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಫ್ಯೂಸ್ ಕಿತ್ತೇಬಿಟ್ಟರೆ

ನೀವೇ ಜೋಡಿಸಿಕೊಳ್ಳಬೇಡಿ, ಪಕ್ಕದ ಮನೆಯಿಂದ ವೈರ್ ಎಳೆಯಬೇಡಿ. ಬಾಕಿ ಬಿಲ್ ಹೋಗಿ ಕಳ್ಳತನದ ಇಲ್ಲವೇ ಅನಧಿಕೃತ ಬಳಕೆಯ ಕೇಸಾಗಬಹುದು. ಬಾಕಿ ಮತ್ತು ಮರುಜೋಡಣೆ ಶುಲ್ಕ ಕಟ್ಟಿದ ರಸೀದಿಯೊಂದಿಗೆ ಅದೇ ದಿನ ಕಚೇರಿಗೆ ಹೋಗಿ. ಆಕ್ಷೇಪಣೆ ಅರ್ಜಿಯ ಸೀಲು ಹಾಕಿದ ಪ್ರತಿ ಇದ್ದರೆ ಅದನ್ನು ಮೊದಲು ಮೇಜಿನ ಮೇಲಿಡಿ.

ಮುಂದಿನ ತಿಂಗಳಿಗೆ

ಬಾಡಿಗೆ ಮನೆ ಬದಲಿಸಿದವರು ಹಳೆಯ ಮನೆಯ ಗೃಹಜ್ಯೋತಿಯಿಂದ ಆಧಾರ್ ಬಿಡಿಸಿ ಹೊಸ ಮನೆಗೆ ಜೋಡಿಸಿ. 2024ರಿಂದ ಸೇವಾ ಸಿಂಧುವಿನಲ್ಲಿ ಆ ಅವಕಾಶ ಇದೆ. ಮಂಜೂರಾದ ಲೋಡ್ ಅಗತ್ಯಕ್ಕಿಂತ ಹೆಚ್ಚಿದ್ದರೆ ಕಡಿಮೆ ಮಾಡಿಸಲು ಅರ್ಜಿ ಕೊಡಬಹುದು, ನಿಗದಿತ ಶುಲ್ಕ ಇಳಿಯುತ್ತದೆ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈಗ ಮೀಟರಿನ ಅಂಕಿಯೂ ಇರುತ್ತದೆ. ರೀಡಿಂಗ್ ಆದ ದಿನ, ಅಲ್ಲಿಂದ ಹತ್ತನೇ ದಿನ, ಇಪ್ಪತ್ತನೇ ದಿನ. ಇಪ್ಪತ್ತನೇ ದಿನಕ್ಕೆ 130 ದಾಟಿದ್ದರೆ ಗೀಸರ್ ಬಂದ್, ಉಳಿದ ಹತ್ತು ದಿನ ಹಂಡೆಯ ನೀರು. ಮಕ್ಕಳು ಗೊಣಗುತ್ತಾರೆ, ಮೀಟರ್ ರೀಡರ್ ಬಂದುಹೋದ ಸಂಜೆ ಮತ್ತೆ ಗೀಸರ್ ಹಾಕುತ್ತೇವೆ.